ಎರಡು ಹಕ್ಕಿ, ಒಂದು ಆನೆ, ಒಂದು ಚಿಟ್ಟೆ

2024ರ ಜುಲೈ 3ರಂದು ‘ಕೂ’ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಬೆಂಗಳೂರಿನಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಬಾಯಿಬಿಟ್ಟು, ಆಮೇಲೆ ಹಿಂದಿ, ತೆಲುಗು, ತಮಿಳು ಎಂದು ಹರಡಿಕೊಂಡ ಕಿರುಬರಹದ ತಾಣ ಅದು. ಆಗ ನಡೆದ ಚರ್ಚೆಯೆಲ್ಲ ಹೂಡಿಕೆದಾರರ ಕೋಟಿಗಳು ಎಲ್ಲಿ ಹೋದವು, ಮಾರಾಟದ ಮಾತುಕತೆ ಯಾಕೆ ಮುರಿದುಬಿತ್ತು ಎಂಬುದರ ಸುತ್ತ. ಅಲ್ಲಿ ನಾಲ್ಕು ವರ್ಷ ಕನ್ನಡದಲ್ಲಿ ಬರೆದವರ ಬರಹ ಎಲ್ಲಿ ಹೋಯಿತು ಎಂದು ಕೇಳಿದವರನ್ನು ನಾನು ಹೆಚ್ಚು ನೋಡಲಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಬರೆದದ್ದು ಗಾಳಿಗೆ ಆಡಿದ ಮಾತು ಎಂದು ನಾವೆಲ್ಲ ಒಳಗೊಳಗೇ ಒಪ್ಪಿಕೊಂಡುಬಿಟ್ಟಂತಿದೆ.

ನನಗೆ ಅದು ಒಪ್ಪಿಗೆಯಿಲ್ಲ. ಟ್ವಿಟರ್ ಅಂದರೆ ಈಗಿನ ಎಕ್ಸ್, ಮಾಸ್ಟೊಡಾನ್, ಥ್ರೆಡ್ಸ್, ಬ್ಲೂಸ್ಕೈ, ತೀರಿಹೋದ ಕೂ ಇವುಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದರೆ ಅಕ್ಷರಮಿತಿ ಎಷ್ಟು, ವಿಡಿಯೊ ಎಷ್ಟುದ್ದ ಹಾಕಬಹುದು, ಜಾಹೀರಾತಿನ ಕಾಟ ಎಷ್ಟು ಎಂದು ಕೋಷ್ಟಕ ಹಾಕಿ ಅಂಕ ಕೊಡುವುದು ರೂಢಿ. ಆ ಕೋಷ್ಟಕ ಆರು ತಿಂಗಳಿಗೆ ಹಳತಾಗುತ್ತದೆ, ಯಾಕೆಂದರೆ ಒಬ್ಬರ ಸೌಲಭ್ಯವನ್ನು ಇನ್ನೊಬ್ಬರು ನಕಲು ಮಾಡಲು ಅಷ್ಟು ಸಮಯ ಸಾಕು. ಹಳತಾಗದ ಪ್ರಶ್ನೆ ಬೇರೆ ಇದೆ. ತಾಣ ಕೆಟ್ಟಾಗ, ಮಾಲೀಕ ಬದಲಾದಾಗ, ಸರ್ಕಾರ ಬಾಯಿ ಮುಚ್ಚಿಸಿದಾಗ, ಬರೆಯುವವರು ತಮ್ಮ ಬರಹವನ್ನೂ ಓದುಗರನ್ನೂ ಜೊತೆಗೆ ಕರೆದುಕೊಂಡು ಬೇರೆ ಕಡೆ ಹೋಗಲು ಸಾಧ್ಯವೆ?

ಮೊಬೈಲ್ ನಂಬರಿನ ಕಥೆ ನೆನಪಿಸಿಕೊಳ್ಳಿ. 2011ರ ಜನವರಿಯಲ್ಲಿ ದೇಶದೆಲ್ಲೆಡೆ ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಿಸುವ ಅನುಕೂಲ ಬಂತು. ಅದಕ್ಕೆ ಮುಂಚೆ ಮನೆಯೊಳಗೆ ಸಿಗ್ನಲ್ ಸಿಗದಿದ್ದರೂ ಎಷ್ಟೋ ಜನ ಹಳೆಯ ಕಂಪನಿಗೇ ಅಂಟಿಕೊಂಡಿದ್ದರು. ಆ ಕಂಪನಿಯ ಮೇಲೆ ಪ್ರೀತಿಯಿತ್ತೆಂದಲ್ಲ, ನಂಬರು ಊರವರ ಬಳಿಯೆಲ್ಲ ಇತ್ತು. ಸಾಮಾಜಿಕ ಜಾಲತಾಣಗಳ ಲೋಕ ಇವತ್ತಿಗೂ ಬಹುಪಾಲು 2011ಕ್ಕೆ ಮುಂಚಿನ ಸ್ಥಿತಿಯಲ್ಲೇ ಇದೆ. ಎಕ್ಸ್‌ನಲ್ಲಿ ಇಪ್ಪತ್ತು ಸಾವಿರ ಹಿಂಬಾಲಕರನ್ನು ಸಂಪಾದಿಸಿದವರು ಅದನ್ನು ಬೈಯುತ್ತಲೇ ಅಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಟ್ವಿಟರಿನಿಂದಲೇ ಶುರುಮಾಡಬೇಕು, ಉಳಿದವೆಲ್ಲ ಅದರ ಮಕ್ಕಳು ಇಲ್ಲವೆ ಅದರ ಮೇಲೆ ಮುನಿಸಿಕೊಂಡು ಹೊರಟವರು. 2006ರ ಮಾರ್ಚ್ 21ರಂದು ಜಾಕ್ ಡಾರ್ಸಿ ಅದರ ಮೊದಲ ಸಂದೇಶ ಹಾಕಿದ. 140 ಅಕ್ಷರಗಳ ಮಿತಿ ಯಾವ ಸಾಹಿತ್ಯ ಸಿದ್ಧಾಂತದಿಂದಲೂ ಬಂದದ್ದಲ್ಲ. ಎಸ್ಸೆಮ್ಮೆಸ್ಸಿನ ಮಿತಿ 160, ಅದರಲ್ಲಿ 20 ಹೆಸರಿಗೆಂದು ತೆಗೆದಿಟ್ಟರೆ ಉಳಿಯುವುದು 140. ಇಕ್ಕಟ್ಟಿನಿಂದ ಹುಟ್ಟಿದ್ದು ಶೈಲಿಯಾಯಿತು. ಆಮೇಲೆ ಬಂದದ್ದರಲ್ಲಿ ಒಳ್ಳೆಯದೆಲ್ಲ ಹೆಚ್ಚುಕಡಿಮೆ ಬಳಸುವವರ ಕೊಡುಗೆ. 2007ರ ಆಗಸ್ಟ್‌ನಲ್ಲಿ ಹ್ಯಾಷ್‌ಟ್ಯಾಗ್ ಸೂಚಿಸಿದ ಕ್ರಿಸ್ ಮೆಸ್ಸಿನ ಕಂಪನಿಯ ನೌಕರನಲ್ಲ. ರೀಟ್ವೀಟ್ ಅನ್ನು ಜನ ಕೈಯಾರೆ ಬರೆದು ಹಂಚುತ್ತಿದ್ದರು, ಗುಂಡಿ ಬಂದದ್ದು 2009ರ ಕೊನೆಗೆ. ‘ಟ್ವೀಟ್’ ಎಂಬ ಹೆಸರನ್ನೂ ಹಕ್ಕಿಯ ಚಿತ್ರವನ್ನೂ ಮೊದಲು ಬಳಸಿದ್ದು ಟ್ವಿಟರಿಫಿಕ್ ಎಂಬ ಹೊರಗಿನವರ ಆ್ಯಪ್. 2023ರ ಜನವರಿಯಲ್ಲಿ ಹೊಸ ಮಾಲೀಕರು ಯಾವ ಮುನ್ಸೂಚನೆಯೂ ಇಲ್ಲದೆ ಹೊರಗಿನ ಆ್ಯಪ್‌ಗಳ ಸಂಪರ್ಕ ಕತ್ತರಿಸಿದಾಗ ಸತ್ತವುಗಳಲ್ಲಿ ಅದೂ ಒಂದು. ಹಕ್ಕಿಗೆ ಹೆಸರಿಟ್ಟವರಿಗೇ ಗೂಡಿನಲ್ಲಿ ಜಾಗ ಇಲ್ಲದಾಯಿತು. ಅದೇ ವರ್ಷ ಜುಲೈನಲ್ಲಿ ಹಕ್ಕಿಯೂ ಹೋಗಿ ಎಕ್ಸ್ ಬಂತು.

ಹಳೆಯ ಟ್ವಿಟರನ್ನು ಹೊಗಳುವಾಗ ಕೈ ಬಿಗಿಹಿಡಿಯಬೇಕು. ಅಲ್ಲಿಯೂ ಬೈಗುಳ ಇತ್ತು, ಬಾಡಿಗೆ ಪಡೆಗಳಿದ್ದವು, ಹೆಣ್ಣುಮಕ್ಕಳು ಬಾಯಿಬಿಟ್ಟರೆ ಮುಗಿಬೀಳುವ ಹಿಂಡುಗಳಿದ್ದವು. ಆದರೂ ಅದಕ್ಕೊಂದು ಗುಣ ಇತ್ತು. ಮಂತ್ರಿ, ಪತ್ರಕರ್ತ, ಕರೆಂಟು ಹೋದ ಬೀದಿಯ ಮನೆಯವರು ಒಂದೇ ಓಣಿಯಲ್ಲಿ ನಿಂತಿರುತ್ತಿದ್ದರು, ಕೂಗಿದ್ದು ಕೇಳಿಸುತ್ತಿತ್ತು. ಬೆಸ್ಕಾಂಗೋ ಸಂಚಾರ ಪೊಲೀಸರಿಗೋ ಎಲ್ಲರ ಕಣ್ಣೆದುರೇ ದೂರು ಕೊಡಬಹುದು ಎಂಬುದನ್ನು ಬೆಂಗಳೂರಿಗೆ ಕಲಿಸಿದ್ದು ಅದು. 2017ರಲ್ಲಿ ನಮ್ಮ ಮೆಟ್ರೋ ನಿಲ್ದಾಣಗಳ ಹಿಂದಿ ಫಲಕಗಳ ವಿರುದ್ಧ ನಡೆದ ‘ನಮ್ಮ ಮೆಟ್ರೋ ಹಿಂದಿ ಬೇಡ’ ಅಭಿಯಾನ ಕಾವೇರಿದ್ದು ಅಲ್ಲೇ. ಜುಲೈ ಹೊತ್ತಿಗೆ ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು, ಫಲಕಗಳ ಹಿಂದಿ ಹೋಯಿತು. ಆ ಹ್ಯಾಷ್‌ಟ್ಯಾಗ್ ಇದ್ದದ್ದು ರೋಮನ್ ಲಿಪಿಯಲ್ಲಿ ಎಂಬುದು ಬೇರೆ ಮಾತು. ದೆಹಲಿಯವರಿಗೂ ಓದಲು ಬರಲಿ ಎಂಬ ಲೆಕ್ಕಾಚಾರ ಇದ್ದಿರಬೇಕು.

2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡ ಮೇಲೆ ಏನಾಯಿತು ಎಂಬುದನ್ನು ಎಲ್ಲರೂ ಬಲ್ಲರು. ನೀಲಿ ಟಿಕ್ ದುಡ್ಡಿಗೆ ಸಿಗುವಂತಾಯಿತು. ಹಣ ಕೊಡದವರು ದಿನಕ್ಕೆ ಇಷ್ಟೇ ಪೋಸ್ಟ್ ನೋಡಬಹುದು ಎಂದು 2023ರ ಜುಲೈ 1ರಂದು ಪಡಿತರ ಜಾರಿಯಾಯಿತು, ಮೊದಲ ಅಂಕಿ 600. ನೀವು ಬ್ಲಾಕ್ ಮಾಡಿದವರೂ ನಿಮ್ಮ ಬರಹ ಓದಬಹುದು ಎಂದು 2024ರಲ್ಲಿ ನಿಯಮ ಬದಲಾಯಿತು. ನನ್ನ ಲೆಕ್ಕದಲ್ಲಿ ಇವುಗಳಲ್ಲಿ ತಾಣವನ್ನು ನಿಜವಾಗಿ ಕೆಡಿಸಿದ್ದು ಟಿಕ್ ಮಾರಾಟವಲ್ಲ, ಅದರ ಹಿಂದೆಯೇ ಬಂದ ಇನ್ನೊಂದು ಏರ್ಪಾಡು: ಹಣ ಕೊಟ್ಟವರ ಪ್ರತಿಕ್ರಿಯೆ ಮೇಲೆ, ಕೊಡದವರದು ಕೆಳಗೆ. ಕಿರುಬರಹದ ಜೀವ ಇರುವುದು ಮೂಲ ಬರಹದಲ್ಲಿ ಅಲ್ಲ, ಅದರ ಕೆಳಗೆ ಯಾರೋ ಅಪರಿಚಿತರು ಬಂದು ಹೇಳುವ ಒಂದು ಮಾತಿನಲ್ಲಿ. ಹಳಗನ್ನಡ ಪದವೊಂದರ ಬಗ್ಗೆ ಕೇಳಿದರೆ ಧಾರವಾಡದ ನಿವೃತ್ತ ಮೇಷ್ಟ್ರೊಬ್ಬರು ಉತ್ತರ ಕೊಡುವ ಅವಕಾಶ ಅಲ್ಲಿತ್ತು. ಆ ಮೇಷ್ಟ್ರು ತಿಂಗಳ ಚಂದಾ ಕಟ್ಟುವವರಲ್ಲ. ನೋಟಗಳ ಸಂಖ್ಯೆಗೆ ತಕ್ಕಂತೆ ದುಡ್ಡು ಹಂಚುವ ಯೋಜನೆಯೂ ಸೇರಿಕೊಂಡ ಮೇಲೆ ಮೇಲ್ಗಡೆ ಇರುವವರು ನೋಟಕ್ಕಾಗಿಯೇ ಬರೆಯುವವರು.

ಒಂದು ವಿಷಯದಲ್ಲಿ ಮಾತ್ರ ಎಕ್ಸ್‌ಗೆ ಪೂರ್ತಿ ಅಂಕ ಕೊಡಬೇಕು. ‘ಕಮ್ಯೂನಿಟಿ ನೋಟ್ಸ್’ ಎಂಬ ಏರ್ಪಾಡು 2021ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂತು. ಸುಳ್ಳು ಪೋಸ್ಟಿನ ಕೆಳಗೆ ಜನರೇ ತಿದ್ದುಪಡಿ ಬರೆಯುತ್ತಾರೆ. ಬರೆದದ್ದು ಕಾಣಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಒಪ್ಪದವರು ಇದನ್ನು ಒಪ್ಪಬೇಕು. ಬಹುಮತಕ್ಕಿಂತ ಇದು ಜಾಣ ಅಳತೆ. ಆದರೆ ಕನ್ನಡದ ಸುಳ್ಳಿಗೆ ತಿದ್ದುಪಡಿ ಬರಬೇಕಾದರೆ ಕನ್ನಡ ಓದುವ, ಪರಸ್ಪರ ಜಗಳಾಡುವ ಎರಡು ಬಣಗಳಿಂದಲೂ ಸಾಕಷ್ಟು ಜನ ಈ ಕೆಲಸಕ್ಕೆ ಹೆಸರು ಕೊಟ್ಟಿರಬೇಕು. ಜಗಳಾಡುವವರಿಗೆ ನಮ್ಮಲ್ಲಿ ಬರವಿಲ್ಲ. ಹೆಸರು ಕೊಡುವವರದೇ ಬರ.

ಅಕ್ಷರಮಿತಿಯನ್ನು ನಗಣ್ಯ ಎಂದೆನಲ್ಲ, ಕನ್ನಡದ ಮಟ್ಟಿಗೆ ಅದರೊಳಗೊಂದು ಗುಟ್ಟಿದೆ. ‘ಮಾಡುತ್ತಿದ್ದಾರೆ’ ಎಂದು ಬರೆದರೆ ನಮ್ಮ ಕಣ್ಣಿಗೆ ಕಾಣುವುದು ಐದು ಅಕ್ಷರ. ಕಂಪ್ಯೂಟರಿನ ಯುನಿಕೋಡ್ ಲೆಕ್ಕದಲ್ಲಿ ವ್ಯಂಜನಕ್ಕೊಂದು, ಕೊಂಬಿಗೊಂದು, ದೀರ್ಘಕ್ಕೊಂದು, ಒತ್ತಕ್ಷರ ಹುಟ್ಟಿಸುವ ಹಲಂತಕ್ಕೊಂದು ಸಂಕೇತ, ಒಟ್ಟು ಹದಿನಾಲ್ಕು. ಟ್ವಿಟರ್ ಎಣಿಸುತ್ತಾ ಬಂದದ್ದು ಈ ಹದಿನಾಲ್ಕನ್ನು. 2017ರ ನವೆಂಬರ್‌ನಲ್ಲಿ ಮಿತಿಯನ್ನು 280ಕ್ಕೆ ಏರಿಸುವ ಮುನ್ನ ಕಂಪನಿ ಒಂದು ಹೋಲಿಕೆ ಕೊಟ್ಟಿತ್ತು: ಜಪಾನಿ ಟ್ವೀಟುಗಳಲ್ಲಿ ಶೇ 0.4 ಮಾತ್ರ ಮಿತಿಯ ತುದಿ ಮುಟ್ಟುತ್ತವೆ, ಇಂಗ್ಲಿಷ್‌ನವು ಶೇ 9. ಹಾಗಾಗಿ ಜಪಾನಿ, ಚೀನಿ, ಕೊರಿಯನ್ ಬಿಟ್ಟು ಉಳಿದವರಿಗೆಲ್ಲ ದುಪ್ಪಟ್ಟು. ಕನ್ನಡ ಆ ‘ಉಳಿದವರ’ ಗುಂಪಿಗೆ ಸೇರಿತು, ಇಂಗ್ಲಿಷಿನ ಪಕ್ಕಕ್ಕೆ. ಇಂಗ್ಲಿಷಿನಲ್ಲಿ ಒತ್ತಕ್ಷರ ಇಲ್ಲ ಎಂಬುದು ಲೆಕ್ಕಕ್ಕೆ ಬರಲಿಲ್ಲ.

ಬ್ಲೂಸ್ಕೈಯ ಮಿತಿ 300. ನೋಡಲು ಇಪ್ಪತ್ತೇ ಹೆಚ್ಚು. ಆದರೆ ಅದು ಎಣಿಸುವುದು ಸಂಕೇತಗಳನ್ನಲ್ಲ, ಕಾಗುಣಿತ ಸೇರಿ ಒಂದಾದ ಅಕ್ಷರಗಳನ್ನು. ‘ಮಾ’ ಅಲ್ಲಿ ಒಂದು, ‘ಡು’ ಒಂದು. ಒತ್ತಕ್ಷರವನ್ನು ಮಾತ್ರ ಎರಡಾಗಿ ಒಡೆಯುತ್ತದೆ. ಹಾಗಾಗಿ ‘ಮಾಡುತ್ತಿದ್ದಾರೆ’ ಏಳಕ್ಕೆ ಮುಗಿಯುತ್ತದೆ. ಅಷ್ಟುದ್ದದ ಪದಗಳನ್ನೇ ಜೋಡಿಸುತ್ತಾ ಹೋದರೆ ಎಕ್ಸ್‌ನ 280ರಲ್ಲಿ ಹದಿನೆಂಟು ಹಿಡಿಸುತ್ತವೆ, ಬ್ಲೂಸ್ಕೈಯ 300ರಲ್ಲಿ ಮೂವತ್ತೇಳು. ಕನ್ನಡಕ್ಕೆ ಅಲ್ಲಿ ಎರಡರಷ್ಟು ಜಾಗ ಎಂದಾಯಿತು. ಮಾಸ್ಟೊಡಾನ್‌ನಲ್ಲಿ ರೂಢಿಯ ಮಿತಿ 500, ಬೇಕೆಂದರೆ ಸರ್ವರ್ ನಡೆಸುವವರೇ ಹೆಚ್ಚಿಸಿಕೊಳ್ಳಬಹುದು. ಎಕ್ಸ್‌ಗೆ ಚಂದಾ ಕಟ್ಟಿದವರು 25,000 ಅಕ್ಷರ ಬರೆಯಬಹುದು, ಅದನ್ನು ಕಿರುಬರಹ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇನ್ನು ಕೂ. ಅದನ್ನು ಕಟ್ಟಿದ ಅಪ್ರಮೇಯ ರಾಧಾಕೃಷ್ಣ ಟ್ಯಾಕ್ಸಿಫಾರ್‌ಶ್ಯೂರ್ ಕಟ್ಟಿ ಮಾರಿದ್ದವರು. ಮಯಾಂಕ್ ಬಿದಾವತ್ಕಾ ರೆಡ್‌ಬಸ್‌ನ ಮೊದಲ ತಂಡದಲ್ಲಿದ್ದವರು. ಇಬ್ಬರೂ ಸರಿಯಾದ ಜಾಗದಲ್ಲೇ ಕೈಯಿಟ್ಟರು: ಇಂಗ್ಲಿಷ್ ಬಾರದವರಿಗೆ ಟ್ವಿಟರ್ ಅಪರಿಚಿತ ಊರು. ಕೂ ಒಳಗೆ ಕಾಲಿಡುತ್ತಲೇ ಮೊದಲು ಕೇಳುತ್ತಿದ್ದದ್ದು ನಿಮ್ಮ ಭಾಷೆ ಯಾವುದು ಎಂದು. ಟೈಪ್ ಮಾಡಲು ಬಾರದಿದ್ದರೆ ಮಾತಾಡಿದರೆ ಸಾಕು, ಅದೇ ಅಕ್ಷರವಾಗುತ್ತಿತ್ತು. 400 ಅಕ್ಷರ. ಒಂದು ಬರಹವನ್ನು ಹಲವು ಭಾಷೆಗಳಿಗೆ ಒಟ್ಟಿಗೇ ಅನುವಾದಿಸಿ ಹಾಕುವ ಸೌಲಭ್ಯ ಕೊಟ್ಟರು. ಇವೆಲ್ಲ ಒಳ್ಳೆಯ ಕೆಲಸ. ಜಗತ್ತಿನ ದೊಡ್ಡ ಕಂಪನಿಗಳು ಕನ್ನಡವನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿಟ್ಟಿದ್ದಾಗ ಒಂದು ಕಂಪನಿ ಅದನ್ನು ಹೊಸ್ತಿಲಲ್ಲಿಟ್ಟಿತ್ತು.

ಕೂ ಹೆಸರು ದೇಶಕ್ಕೆ ತಿಳಿದದ್ದು ಇದಕ್ಕಲ್ಲ ಎಂಬುದೇ ಅದರ ದುರ್ದೈವ. 2021ರ ಫೆಬ್ರುವರಿಯಲ್ಲಿ ರೈತರ ಹೋರಾಟ ನಡೆಯುತ್ತಿದ್ದಾಗ ಕೇಂದ್ರ ಸರ್ಕಾರ 1,178 ಖಾತೆಗಳನ್ನು ತಡೆಯಲು ಟ್ವಿಟರಿಗೆ ಹೇಳಿತು. ಟ್ವಿಟರ್ 500ಕ್ಕೂ ಹೆಚ್ಚು ಖಾತೆಗಳ ಮೇಲೆ ಕ್ರಮ ತೆಗೆದುಕೊಂಡು, ಪತ್ರಕರ್ತರು, ಹೋರಾಟಗಾರರು, ರಾಜಕಾರಣಿಗಳ ಖಾತೆ ಮುಟ್ಟುವುದಿಲ್ಲ ಎಂದಿತು. ಮಾಹಿತಿ ತಂತ್ರಜ್ಞಾನ ಸಚಿವಾಲಯ ಅದಕ್ಕೆ ಉತ್ತರ ಕೊಟ್ಟದ್ದು ಕೂ ಮೇಲೆ. ಮಂತ್ರಿಗಳು, ಇಲಾಖೆಗಳು ಸಾಲುಗಟ್ಟಿ ಬಂದರು. ಆ ವಾರ ಬಂದ ಜನರ ಪ್ರವಾಹವನ್ನು ಯಾವ ಜಾಹೀರಾತಿನಿಂದಲೂ ತರಿಸಲು ಆಗುತ್ತಿರಲಿಲ್ಲ, ನಿಜ. ಆದರೆ ಅಂದಿನಿಂದ ಕೂ ಎಂದರೆ ಸರ್ಕಾರಕ್ಕೆ ಒಲಿದ ಟ್ವಿಟರ್ ಎಂಬ ಬಣ್ಣ ಅಂಟಿತು. ಅದೇ ವರ್ಷ ಜೂನ್‌ನಲ್ಲಿ ನೈಜೀರಿಯಾದ ಅಧ್ಯಕ್ಷರ ಪೋಸ್ಟನ್ನು ಟ್ವಿಟರ್ ತೆಗೆದು, ಆ ಸರ್ಕಾರ ಟ್ವಿಟರನ್ನೇ ದೇಶದಿಂದ ಹೊರಹಾಕಿದಾಗ, ಅಲ್ಲಿಯ ಸರ್ಕಾರಿ ಖಾತೆಯೂ ಕೂಗೆ ಬಂತು. ಮುನಿಸಿಕೊಂಡ ಸರ್ಕಾರಗಳ ತವರುಮನೆ ಆಗುವುದು ವ್ಯಾಪಾರಕ್ಕೆ ಒಂದು ತಿಂಗಳು ಒಳ್ಳೆಯದು. ಸರ್ಕಾರವನ್ನು ಬೈಯಲು ಬರುವವರು ಮಾತ್ರ ಆ ಮನೆಗೆ ಬರುವುದಿಲ್ಲ, ಅವರಿಲ್ಲದೆ ಇಂಥ ತಾಣ ನಡೆಯುವುದೂ ಇಲ್ಲ.

ಇದರ ಜೊತೆಗೆ ಗಣ್ಯರ ಹಿಂದೆ ಓಡಿದ್ದು. ಸ್ಥಾಪಕರು ವಿದಾಯದ ಪತ್ರದಲ್ಲಿ ಕೊಟ್ಟ ಅಂಕಿ ಹೀಗಿದೆ: ಏರುಗಾಲದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಬಳಕೆದಾರರು, 9,000ಕ್ಕೂ ಹೆಚ್ಚು ಗಣ್ಯರು. ಗಣ್ಯರಿಗೆ ಹಳದಿ ಟಿಕ್ ಇತ್ತು. ಟ್ವಿಟರಿನಲ್ಲಿ ಹಾಕಿದ ಶುಭಾಶಯವನ್ನೇ ಅವರ ಕಚೇರಿಯವರು ಇಲ್ಲೂ ಅಂಟಿಸಿದರೆ ಅದನ್ನು ಓದಲು ಜನ ಹೊಸ ಆ್ಯಪ್ ಯಾಕೆ ತೆರೆಯಬೇಕು? ಭಾಷೆಯನ್ನು ಹೊಸ್ತಿಲಲ್ಲಿಟ್ಟ ಕಂಪನಿ ಆ ಭಾಷೆಯಲ್ಲಿ ಯಾರು ಯಾರೊಡನೆ ಏನು ಮಾತಾಡಬೇಕು ಎಂಬುದನ್ನು ಯೋಚಿಸಲಿಲ್ಲ. ಕನ್ನಡದವರ ಹರಟೆ, ಸಿನಿಮಾ ಜಗಳ, ಪುಸ್ತಕದ ಮಾತು ಎಲ್ಲ ಆ ಹೊತ್ತಿಗಾಗಲೇ ಫೇಸ್‌ಬುಕ್ಕಿನಲ್ಲಿ ಬೇರುಬಿಟ್ಟಿತ್ತು, ಅದನ್ನು ಕಿತ್ತು ತರಲು ಭಾಷಾಭಿಮಾನ ಒಂದೇ ಸಾಲದು. ಸ್ವಂತ ಭಾಷೆ, ಸ್ವಂತ ಊರಿನ ಕಂಪನಿ ಎಂಬ ಅಕ್ಕರೆಯಿಂದ ಹೋದವರಿಗೂ ಕೊನೆಗೆ ಸಿಕ್ಕಿದ್ದು ಅಮೆರಿಕದ ಕಂಪನಿಗಳು ಕೊಡುವ ಕರಾರೇ: ಕಟ್ಟಿದ್ದೆಲ್ಲ ಕಂಪನಿಯದು, ಕಂಪನಿ ಹೋದರೆ ಅದೂ ಹೋಯಿತು. 6 ಕೋಟಿ ಡಾಲರಿಗೂ ಹೆಚ್ಚು ಬಂಡವಾಳ ಬಂದಿತ್ತು, ತೀರಿತು. ಡೈಲಿಹಂಟ್ ಜೊತೆಗಿನ ಮಾತುಕತೆಯೂ ಫಲಿಸಲಿಲ್ಲ. ಹಳದಿ ಹಕ್ಕಿ ಹಾರಿಹೋದಾಗ ನೀಲಿ ಹಕ್ಕಿ ಹೋಗಿ ವರ್ಷವಾಗಿತ್ತು.

ಸರ್ಕಾರ ಮತ್ತು ತಾಣಗಳ ನಡುವಿನ ಜಗಳದ ಮುಂದಿನ ಅಂಕ ನಡೆದದ್ದೂ ಬೆಂಗಳೂರಿನಲ್ಲೇ, ವಿಧಾನಸೌಧದ ಎದುರಿನ ಅಟ್ಟಾರ ಕಚೇರಿಯಲ್ಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಕೆಳಗೆ ಬಂದ ತಡೆ ಆದೇಶಗಳನ್ನು ಪ್ರಶ್ನಿಸಿ 2022ರ ಜುಲೈನಲ್ಲಿ ಟ್ವಿಟರ್ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಆಮೇಲೆ ಸರ್ಕಾರದ ‘ಸಹಯೋಗ’ ಪೋರ್ಟಲ್ ಮೂಲಕ ಬರುವ ತೆರವಿನ ಸೂಚನೆಗಳನ್ನು ಪ್ರಶ್ನಿಸಿ ಎಕ್ಸ್ ಮತ್ತೆ ಅದೇ ಕೋರ್ಟಿಗೆ ಬಂತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅದನ್ನೂ ವಜಾ ಮಾಡಿದರು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ, ವಿದೇಶಿ ಕಂಪನಿ ಅದರ ನೆರಳು ಕೇಳುವಂತಿಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಅಂಶ.

ತೀರ್ಪನ್ನು ಒಪ್ಪುವುದು ಬಿಡುವುದು ಬೇರೆ. ನಮ್ಮ ಹೋಲಿಕೆಗೆ ಅದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಮ್ಮ ಮಾತಿನ ಹಕ್ಕು ನಮ್ಮದು, ಅದನ್ನು ಆಡುವ ಜಾಗ ಕಂಪನಿಯದು. ಜಾಗ ಮುಚ್ಚಿಸಿದರೆ ಕೋರ್ಟಿಗೆ ಹೋಗಲು ಶಕ್ತಿ ಇರುವುದು ಕಂಪನಿಗೆ, ಅದರ ಕೈಯಲ್ಲಿ ಹಕ್ಕಿಲ್ಲ. ಹಕ್ಕಿರುವ ನಮಗೆ ನಮ್ಮ ಪೋಸ್ಟು ಯಾರ ಆದೇಶದಿಂದ ಹೋಯಿತೆಂದು ತಿಳಿಯುವುದೇ ಕಷ್ಟ. ಎಕ್ಸ್ ಕೋರ್ಟಿಗಾದರೂ ಹೋಯಿತು ಎಂಬುದನ್ನು ಮಸ್ಕ್ ವಿರೋಧಿಗಳೂ ಒಪ್ಪಬೇಕು.

ಭಾರತದವರು ಗುಂಪಾಗಿ ಟ್ವಿಟರ್ ಬಿಟ್ಟು ಹೊರಟ ಮೊದಲ ಸಂದರ್ಭ ಮಸ್ಕ್‌ಗಿಂತ ಮೂರು ವರ್ಷ ಹಿಂದಿನದು. 1936ರ ಜರ್ಮನಿಯ ಹಡಗುಕಟ್ಟೆಯೊಂದರಲ್ಲಿ ಎಲ್ಲರೂ ನಾಜಿ ಸಲಾಮು ಹೊಡೆಯುತ್ತಿರುವಾಗ ಒಬ್ಬ ಕಾರ್ಮಿಕ ಮಾತ್ರ ಕೈಕಟ್ಟಿ ನಿಂತ ಪ್ರಸಿದ್ಧ ಚಿತ್ರವಿದೆ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ತಮ್ಮ ಪುಟದಲ್ಲಿ ಅದನ್ನು ಹಾಕಿಕೊಂಡಿದ್ದಕ್ಕೆ 2019ರಲ್ಲಿ ಟ್ವಿಟರ್ ಅವರ ಖಾತೆ ಅಮಾನತು ಮಾಡಿತು. ದಲಿತ, ಹಿಂದುಳಿದ ವರ್ಗಗಳ ಬರಹಗಾರರ ಖಾತೆಗಳ ವಿಷಯದಲ್ಲಿ ತಾರತಮ್ಯ ನಡೆಯುತ್ತಿದೆ ಎಂಬ ಸಿಟ್ಟೂ ಸೇರಿ, ಆ ನವೆಂಬರ್‌ನಲ್ಲಿ ಸಾವಿರಾರು ಜನ ಮಾಸ್ಟೊಡಾನ್ ಎಂಬ ಹೆಸರೇ ಕೇಳಿರದ ತಾಣಕ್ಕೆ ಹೋದರು. ಹೆಚ್ಚಿನವರು ಕೆಲವೇ ವಾರಗಳಲ್ಲಿ ವಾಪಸು ಬಂದರು. 2022ರಲ್ಲಿ ಮಸ್ಕ್ ಬಂದಾಗ ಜಗತ್ತಿನಾದ್ಯಂತ ಇದೇ ಆಟ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು.

ಆನೆಯ ಗುರುತಿನ ಮಾಸ್ಟೊಡಾನ್ ಅನ್ನು ಜರ್ಮನಿಯ ಯೂಜೆನ್ ರೋಷ್ಕೊ 2016ರಲ್ಲಿ ಶುರುಮಾಡಿದ. ಅದು ಒಂದು ತಾಣವಲ್ಲ, ಸಾವಿರಾರು ಸಣ್ಣ ಸರ್ವರ್‌ಗಳು. ಒಂದೊಂದಕ್ಕೂ ಅದರದೇ ನಡೆಸುವವರು, ಅದರದೇ ನಿಯಮ. ‘ಆಕ್ಟಿವಿಟಿಪಬ್’ ಎಂಬ ಒಪ್ಪಿತ ಕ್ರಮದಲ್ಲಿ ಅವು ಮಾತಾಡಿಕೊಳ್ಳುತ್ತವೆ, ಜಿಮೇಲ್‌ನವರು ಯಾಹೂನವರಿಗೆ ಪತ್ರ ಕಳಿಸುವ ಹಾಗೆ. ನಿಮ್ಮ ಸರ್ವರ್ ಸರಿಹೋಗದಿದ್ದರೆ ಬೇರೆಯದಕ್ಕೆ ಹೋಗಬಹುದು, ಹಿಂಬಾಲಕರು ತಾವಾಗಿಯೇ ಜೊತೆಗೆ ಬರುತ್ತಾರೆ. ಜಾಹೀರಾತಿಲ್ಲ. ಫೀಡನ್ನು ಕಲಸುವ ಅಲ್ಗಾರಿದಂ ಇಲ್ಲ, ಬರೆದದ್ದು ಬರೆದ ಹೊತ್ತಿನ ಕ್ರಮದಲ್ಲೇ ಬರುತ್ತದೆ. ಈ ಬರಹದ ಅಳತೆಗೋಲಿನಲ್ಲಿ ಅದಕ್ಕೆ ಮೊದಲ ಸ್ಥಾನ ಸಲ್ಲಬೇಕು.

ಆದರೂ ಜನ ಯಾಕೆ ವಾಪಸು ಬಂದರು? ಬಾಗಿಲಲ್ಲೇ ‘ಯಾವ ಸರ್ವರ್?’ ಎಂದು ಕೇಳಿದರೆ ಸಾಮಾನ್ಯರು ಉತ್ತರ ಹುಡುಕುವುದಿಲ್ಲ, ತಿರುಗಿ ಹೊರಡುತ್ತಾರೆ. ಹುಡುಕಾಟದ ಸೌಲಭ್ಯ ಬಹಳ ಕಾಲ ಬೇಕೆಂದೇ ಮೊಂಡಾಗಿತ್ತು, ಬೇಡದವರ ಕಣ್ಣಿಗೆ ಬೀಳದಿರಲಿ ಎಂದು. ಇನ್ನೊಬ್ಬರ ಪೋಸ್ಟನ್ನು ಉದ್ಧರಿಸಿ ಮಾತು ಸೇರಿಸುವ ಅವಕಾಶವನ್ನು 2025ರವರೆಗೆ ಕೊಡಲಿಲ್ಲ, ಅದು ಗೇಲಿಗೆ ದಾರಿ ಎಂಬ ವಾದ. ಎರಡಕ್ಕೂ ಕಾರಣ ಇದೆ, ಎರಡರಿಂದಲೂ ಹೊಸಬರಿಗೆ ಊರು ಬಿಕೋ ಎನ್ನಿಸಿತು. ಹಳೆಯ ನಿವಾಸಿಗಳಿಗೆ ಬುದ್ಧಿ ಹೇಳುವ ಚಟವೂ ಸ್ವಲ್ಪ ಹೆಚ್ಚು. ಚಿತ್ರಕ್ಕೆ ವಿವರಣೆ ಬರೆಯದೆ ಹಾಕಿ ನೋಡಿ, ಗೊತ್ತಾಗುತ್ತದೆ. ಸರ್ವರ್ ಬದಲಿಸಿದರೆ ಹಿಂಬಾಲಕರು ಬರುತ್ತಾರೆಯೇ ಹೊರತು ಹಳೆಯ ಬರಹ ಬರುವುದಿಲ್ಲ. ನಡೆಸುವ ಸ್ವಯಂಸೇವಕನಿಗೆ ಸಾಕಾಗಿ ಮುಚ್ಚಿದರೆ ಕೂ ಕಥೆಯೇ ಸಣ್ಣದಾಗಿ ಮತ್ತೆ ನಡೆಯುತ್ತದೆ. ಇಷ್ಟಾದರೂ ರೋಷ್ಕೊ ಅದನ್ನು ಮಾರಿಕೊಳ್ಳಲಿಲ್ಲ. ಮಾಲೀಕತ್ವವನ್ನು ಲಾಭರಹಿತ ಸಂಸ್ಥೆಗೆ ಒಪ್ಪಿಸುವುದಾಗಿ 2025ರ ಜನವರಿಯಲ್ಲಿ ಪ್ರಕಟವಾಯಿತು. ಈ ಕ್ಷೇತ್ರದಲ್ಲಿ ಅದು ಅಪರೂಪದ ಸಜ್ಜನಿಕೆ.

ಥ್ರೆಡ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಜುಲೈನಲ್ಲಿ ಮೆಟಾ ಅದನ್ನು ಬಿಟ್ಟಾಗ ಐದು ದಿನಕ್ಕೆ 10 ಕೋಟಿ ಜನ ಸೇರಿದರು. ಇನ್‌ಸ್ಟಾಗ್ರಾಂ ಖಾತೆಯೇ ಪ್ರವೇಶಪತ್ರವಾದಾಗ ಸೇರುವುದು ಎಂದರೆ ಒಂದು ಗುಂಡಿ ಒತ್ತುವುದು, ಅಷ್ಟೆ. ಮೊದಮೊದಲು ಥ್ರೆಡ್ಸ್ ಖಾತೆ ಅಳಿಸಬೇಕಾದರೆ ಇನ್‌ಸ್ಟಾಗ್ರಾಂ ಖಾತೆಯನ್ನೇ ಅಳಿಸಬೇಕಿತ್ತು, ಕಂಪನಿಯ ಮನಸ್ಸು ಅಲ್ಲೇ ಕಾಣುತ್ತದೆ. ರಾಜಕೀಯದ ಪೋಸ್ಟುಗಳನ್ನು ಅಪರಿಚಿತರಿಗೆ ತೋರಿಸುವುದಿಲ್ಲ ಎಂದು 2024ರಲ್ಲಿ ಹೇಳಿ, 2025ರ ಜನವರಿಯಲ್ಲಿ ತಿರುಗಿ ತೋರಿಸುತ್ತೇವೆ ಎಂದರು. ಆಕ್ಟಿವಿಟಿಪಬ್ ಮೂಲಕ ಮಾಸ್ಟೊಡಾನ್‌ನವರ ಜೊತೆ ಅರ್ಧ ಬಾಗಿಲು ತೆರೆದಿದ್ದಾರೆ, ಅದೊಂದು ಪುಣ್ಯ. ಉಳಿದಂತೆ ಅದು ದೊಡ್ಡ, ಚೊಕ್ಕ, ಸಪ್ಪೆ ಜಾಗ.

ಚಿಟ್ಟೆಯ ಗುರುತಿನ ಬ್ಲೂಸ್ಕೈ ಮಾತ್ರ ಕುತೂಹಲದ ಪ್ರಾಣಿ. ಅದು ಹುಟ್ಟಿದ್ದು ಟ್ವಿಟರಿನ ಹೊಟ್ಟೆಯಲ್ಲೇ. ಯಾವ ಕಂಪನಿಗೂ ಸೇರದ ಒಂದು ಕ್ರಮವನ್ನು ರೂಪಿಸಿ ಮುಂದೆ ಟ್ವಿಟರನ್ನೇ ಅದರ ಮೇಲೆ ಕೂರಿಸಬೇಕು ಎಂದು 2019ರ ಡಿಸೆಂಬರ್‌ನಲ್ಲಿ ಡಾರ್ಸಿ ಪ್ರಕಟಿಸಿದ. 2021ರಲ್ಲಿ ಜೇ ಗ್ರೇಬರ್ ಅದರ ಮುಖ್ಯಸ್ಥೆಯಾದರು. ಮಸ್ಕ್ ಬಂದ ಮೇಲೆ ನಂಟು ಕಡಿಯಿತು, ಡಾರ್ಸಿ ತಾನೂ 2024ರಲ್ಲಿ ಅದರ ಆಡಳಿತ ಮಂಡಳಿ ಬಿಟ್ಟ. ಆಹ್ವಾನವಿಲ್ಲದೆ ಎಲ್ಲರಿಗೂ ತೆರೆದದ್ದು 2024ರ ಫೆಬ್ರುವರಿಯಲ್ಲಿ. ಆ ಆಗಸ್ಟ್ ಕೊನೆಗೆ ಬ್ರೆಜಿಲ್‌ನ ಸುಪ್ರೀಂ ಕೋರ್ಟ್ ಎಕ್ಸ್ ಅನ್ನು ತಡೆದಾಗ ಲಕ್ಷಗಟ್ಟಲೆ ಬ್ರೆಜಿಲಿಯನ್ನರು, ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆಯ ಬೆನ್ನಿಗೆ ಅಲ್ಲಿಯವರು ಬಂದು 2 ಕೋಟಿ ದಾಟಿತು.

ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು. ಹೆಸರಿನ ವ್ಯವಸ್ಥೆ ಮೊದಲನೆಯದು. ನಿಮ್ಮದೇ ಜಾಲತಾಣದ ವಿಳಾಸವನ್ನು ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು. ಒಂದು ಪತ್ರಿಕೆ, ಒಂದು ವಿಶ್ವವಿದ್ಯಾಲಯ ತನ್ನ ವಿಳಾಸವನ್ನೇ ಹೆಸರಾಗಿ ಹಾಕಿಕೊಂಡರೆ ಅಸಲಿಯೋ ನಕಲಿಯೋ ಎಂದು ಟಿಕ್ ಕೊಳ್ಳುವ ಅಗತ್ಯವೇ ಇಲ್ಲ. ಇನ್ನೊಂದು, ಫೀಡನ್ನು ಯಾರು ಬೇಕಾದರೂ ಕಟ್ಟಬಹುದು. ಕನ್ನಡದ ಪೋಸ್ಟುಗಳನ್ನಷ್ಟೇ ಆರಿಸಿ ಹೊತ್ತಿನ ಕ್ರಮದಲ್ಲಿ ತೋರಿಸುವ ಫೀಡು ಬೇಕೆಂದರೆ ಅಮೆರಿಕದ ಕಂಪನಿಯ ಕೃಪೆಗೆ ಕಾಯಬೇಕಿಲ್ಲ, ಪ್ರೋಗ್ರಾಮಿಂಗ್ ಬಲ್ಲ ಶಿವಮೊಗ್ಗದ ಕಾಲೇಜು ಹುಡುಗಿ ಕಟ್ಟಬಹುದು. ಕೂ ಸಾವಿರಾರು ಗಂಟೆ ಸುರಿದು ಮಾಡಿದ ಭಾಷೆಯ ಓಣಿಯನ್ನು ಇಲ್ಲಿ ಬಳಸುವವರೇ ಮಾಡಿಕೊಳ್ಳಬಹುದು.

ಕೊರತೆಗಳನ್ನೂ ಹೇಳಬೇಕು. ಬರಹ, ಹಿಂಬಾಲಕರು ಎಲ್ಲವನ್ನೂ ಹೊತ್ತುಕೊಂಡು ಬೇರೆ ಸರ್ವರಿಗೆ ಹೋಗಬಹುದು ಎಂಬುದು ಅದರ ವಾಗ್ದಾನ, ತಾಂತ್ರಿಕವಾಗಿ ನಿಜವೂ ಹೌದು. ಆದರೆ ಬಹುತೇಕ ಎಲ್ಲರೂ ಇರುವುದು ಕಂಪನಿಯ ಸರ್ವರುಗಳಲ್ಲೇ, ಎಲ್ಲರ ಗುರುತಿನ ದಾಖಲೆ ಇರುವ ಪುಸ್ತಕವೂ ಅದರ ಕೈಯಲ್ಲೇ. ನಡೆಯುತ್ತಿರುವುದು ಹೂಡಿಕೆದಾರರ ದುಡ್ಡಿನಿಂದ, ಕೂ ನಡೆದ ಹಾಗೆಯೇ. 2025ರಲ್ಲಿ ಟರ್ಕಿ ಸರ್ಕಾರ ಕೇಳಿದಾಗ ಆ ದೇಶದಲ್ಲಿ ಹಲವು ಖಾತೆಗಳನ್ನು ಮರೆಮಾಡಿತು. ಇಲ್ಲಿ ಒಂದು ಗಮನಿಸಬೇಕಾದ ಸಂಗತಿ ಇದೆ. ಮರೆಯಾದದ್ದು ಕಂಪನಿಯ ಆ್ಯಪ್‌ನಲ್ಲಿ ಮಾತ್ರ, ಹೊರಗಿನವರು ಮಾಡಿದ ಆ್ಯಪ್‌ಗಳಲ್ಲಿ ಅವೇ ಖಾತೆಗಳು ಕಾಣುತ್ತಿದ್ದವು. ಟ್ವಿಟರಿಫಿಕ್ ಅನ್ನು ಕೊಂದದ್ದು ಬರೀ ವ್ಯಾಪಾರದ ವಿಷಯವಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಹಾಗಾದರೆ ಮೇಲು ಯಾವುದು? ಕಟ್ಟಡದ ಗಟ್ಟಿತನಕ್ಕೆ ಮಾಸ್ಟೊಡಾನ್. ಹೊಸಬರಿಗೂ, ಕನ್ನಡ ಬರೆಯುವವರಿಗೂ ಬ್ಲೂಸ್ಕೈ. ಇವತ್ತು ಸಂಜೆ ನಿಮ್ಮ ಬೀದಿಯ ಕರೆಂಟು ಹೋದರೆ ಎಕ್ಸ್, ಯಾಕೆಂದರೆ ಇಲಾಖೆಯವರು ಇರುವುದು ಅಲ್ಲಿ. ಇಲಾಖೆಯವರು ಅಲ್ಲಿರುವುದು ಜನ ಅಲ್ಲಿದ್ದಾರೆಂದು, ಜನ ಅಲ್ಲಿರುವುದು ಇಲಾಖೆಯವರಿದ್ದಾರೆಂದು. ಈ ಗಂಟನ್ನು ಒಬ್ಬೊಬ್ಬರಾಗಿ ಬಿಡಿಸಲಾಗದು, ಸಂಸ್ಥೆಗಳು ಮೊದಲು ಹೆಜ್ಜೆಯಿಡಬೇಕು. ನೆದರ್ಲೆಂಡ್ಸ್ ಸರ್ಕಾರ 2023ರಲ್ಲಿ ತನ್ನದೇ ಮಾಸ್ಟೊಡಾನ್ ಸರ್ವರ್ ಶುರುಮಾಡಿತು, ಅದೇ ವರ್ಷ ಬಿಬಿಸಿ ಕೂಡ ಪ್ರಯೋಗ ಮಾಡಿತು. ಕನ್ನಡ ಅಭಿವೃದ್ಧಿ ಪ್ರಾಧಿಕಾರವೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಕನ್ನಡದ ಒಂದು ದಿನಪತ್ರಿಕೆಯೋ ಅಂಥದೊಂದನ್ನು ನಡೆಸುವುದು ಒಂದು ಸಮ್ಮೇಳನದ ಖರ್ಚಿನ ಮುಂದೆ ಏನೇನೂ ಅಲ್ಲ. ಕನ್ನಡ ಬಲ್ಲವರೇ ಬೈಗುಳವನ್ನು ಗುರುತಿಸಿ ತೆಗೆಯುವ ಒಂದು ಜಾಗ ಆಗಲಾದರೂ ನಮಗೆ ಸಿಗುತ್ತದೆ.

ಅದು ಆಗುವ ತನಕ ಒಂದು ಕೆಲಸ ನೀವೇ ಮಾಡಬಹುದು. ಎಕ್ಸ್, ಮಾಸ್ಟೊಡಾನ್, ಬ್ಲೂಸ್ಕೈ ಮೂರರಲ್ಲೂ ನೀವು ಬರೆದದ್ದೆಲ್ಲದರ ಪ್ರತಿ ಇಳಿಸಿಕೊಳ್ಳುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ. ಎಕ್ಸ್‌ನಲ್ಲಿ ಕೋರಿಕೆ ಸಲ್ಲಿಸಿ ಒಂದೆರಡು ದಿನ ಕಾಯಬೇಕಾಗುತ್ತದೆ. ಇವತ್ತೇ ಸಲ್ಲಿಸಿ.